ನಾಚಿಕೆಗೆಟ್ಟವರ ಕಪಾಟು

ನಮ್ಮ ದೊಡ್ಡಮ್ಮ ಪುಸ್ತಕ ಕದ್ದವರಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಪೂರ್ತಿ ಕೇಳುವ ತನಕ ಕಾಯುವ ತಾಳ್ಮೆ ನಮ್ಮ ಬೀದಿಯವರಿಗೇ ಇರಲಿಲ್ಲ, ಓದುವವರಿಗೆ ಇರಲೇಬೇಕೆಂದು ಹೇಗೆ ಹೇಳಲಿ?

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಮದುವೆಯಾಗಲಿಲ್ಲ. ಮೂವತ್ತೊಂದು ವರ್ಷ ಒಂದೇ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿದರು. ಅಲ್ಲಿ ಅವರನ್ನು ಎಲ್ಲರೂ ಸೂಜಿ ಅಕ್ಕ ಎನ್ನುತ್ತಿದ್ದರು. ಕೈಯಲ್ಲಿ ಸೂಜಿ ಇದ್ದದ್ದಕ್ಕೋ, ಬಾಯಲ್ಲಿ ಇದ್ದದ್ದಕ್ಕೋ ಎಂದು ಕೇಳಿದರೆ ಅಮ್ಮ ಹೇಳುವುದು ಹೀಗೆ: "ಎರಡೂ ಕಡೆ ಇತ್ತು. ಮೊನಚು ಮಾತ್ರ ಬಾಯಿಂದೇ ಜಾಸ್ತಿ." ಅವರ ಬಲಗೈಯ ತೋರುಬೆರಳಿನಲ್ಲಿ ಈಗಲೂ ಒಂದು ಗೀರು ಇದೆ. ಗಾಯದ್ದಲ್ಲ. ದಾರ ಎಳೆದೂ ಎಳೆದೂ ಬಾವಿಯ ಕಟ್ಟೆಯ ಕಲ್ಲು ಸವೆಯುವ ಹಾಗೆ ಸವೆದದ್ದು.

ಅವರ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟವಾಗುತ್ತದೆ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಉದ್ದನೆಯ ಮೇಜಿನ ಎರಡು ಕಡೆ ಏಳು ಜನ ಹೆಂಗಸರು ಕೂತು ಫಾರಂ ಮಡಿಸಿ, ಮರದ ಪಟ್ಟಿಯಿಂದ ಮಡಿಕೆ ತೀಡಿ, ಒಂದರ ಮೇಲೊಂದು ಇಟ್ಟು ಹೊಲಿಯುತ್ತಿದ್ದರು. ಆಮೇಲೆ ಬೆನ್ನಿಗೆ ಅಂಟು. ಕೊನೆಗೆ ಕಟಿಂಗ್ ಮಷೀನಿನಲ್ಲಿ ಮೂರು ಕಡೆಯ ಅಂಚು ಕತ್ತರಿಸುವುದು. ಹಾಗೆ ಕತ್ತರಿಸಿದ ಮೇಲೆಯೇ ಪುಟಗಳು ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ. ಕತ್ತರಿಸದೆ ಬಿಟ್ಟರೆ ಪುಟಗಳು ಮಡಿಕೆಯಲ್ಲೇ ಕೂಡಿಕೊಂಡಿರುತ್ತವೆ. ಓದುವವರು ಚಾಕು ಹಿಡಿದು ಒಂದೊಂದೇ ಮಡಿಕೆ ಕೊಯ್ದುಕೊಳ್ಳಬೇಕು.

ಸಂಜೆ ಗೇಟಿನಲ್ಲಿ ಕಾವಲಿನವನು ಏಳೂ ಹೆಂಗಸರ ಚೀಲ ಬಿಡಿಸಿ ನೋಡುತ್ತಿದ್ದ. ಊಟದ ಡಬ್ಬಿಯ ಮುಚ್ಚಳ ತೆಗೆಸುತ್ತಿದ್ದ. ಮೂವತ್ತೊಂದು ವರ್ಷ, ದಿನ ತಪ್ಪದೆ. ಯಾರೂ ಒಂದು ಪುಸ್ತಕ ಒಯ್ಯಬಾರದಲ್ಲ, ಅದಕ್ಕೆ. ಗಂಡಸರ ಚೀಲ ನೋಡುತ್ತಿರಲಿಲ್ಲ. "ಅವರು ಓದೋರಲ್ಲ ಅಂತ ಅವನಿಗೆ ಗೊತ್ತಿತ್ತು" ಎಂದು ದೊಡ್ಡಮ್ಮ ನಗುತ್ತಿದ್ದರು. ಆದರೆ ಅದು ನಗುವ ಮಾತಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಅದೇ ಗೇಟಿನಿಂದ ಲೇಖಕರು ಒಳಗೆ ಬರುತ್ತಿದ್ದರು. ಹೊಸ ಪುಸ್ತಕ ತಯಾರಾದ ದಿನ ಮದುವೆ ಗಂಡಿನ ಹಾಗೆ ಬಂದು, ಅಂಟು ಇನ್ನೂ ಹಸಿಯಾಗಿರುವಾಗಲೇ ಮೇಜಿನ ಮೂಲೆಯಲ್ಲಿ ನಿಂತು, ಮೊದಲ ಖಾಲಿ ಹಾಳೆಯ ಮೇಲೆ ಗೆಳೆಯರಿಗೆಂದು ಬರೆಯುತ್ತಿದ್ದರು. 'ಪ್ರಾಣಮಿತ್ರನಿಗೆ.' 'ನೀನಿಲ್ಲದಿದ್ದರೆ ಈ ಪುಸ್ತಕ ಇಲ್ಲ.' 'ಅಕ್ಕನಂಥ ಗೆಳತಿಗೆ, ಮೊದಲ ಪ್ರತಿ.' ದೊಡ್ಡಮ್ಮ ಹೊಲಿಯುತ್ತಲೇ ಅದನ್ನೆಲ್ಲ ಓದಿಕೊಳ್ಳುತ್ತಿದ್ದರು. ಹೊಲಿದವರಿಗೆ ಯಾರೂ ಒಂದು ಪ್ರತಿ ಕೊಟ್ಟದ್ದಿಲ್ಲ. ಅದಕ್ಕೆ ಅವರಿಗೆ ಸಿಟ್ಟಿರಲಿಲ್ಲ. "ನಾವು ಗೆಳೆಯರಲ್ಲವಲ್ಲ, ಕೊಡೋದಕ್ಕೆ" ಅನ್ನುತ್ತಿದ್ದರು. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

ಪ್ರೆಸ್ಸಿನಿಂದ ಮನೆಗೆ ಬರುವ ದಾರಿಯಲ್ಲಿ ಒಂದು ರದ್ದಿ ಅಂಗಡಿ ಇತ್ತು. ಒಂದು ಸಂಜೆ ಅಲ್ಲಿ ಹಳೆ ಪತ್ರಿಕೆಯ ಕಟ್ಟಿನ ಮೇಲೆ ತಾವೇ ಹೊಲಿದ ಪುಸ್ತಕ ಕಂಡಿತು. ತೆರೆದು ನೋಡಿದರೆ 'ನೀನಿಲ್ಲದಿದ್ದರೆ ಈ ಪುಸ್ತಕ ಇಲ್ಲ' ಎಂಬ ಬರಹ. ಬರೆದು ತಿಂಗಳೂ ತುಂಬಿರಲಿಲ್ಲ.

"ಇದು ಎಲ್ಲಿಂದ ಬಂತಪ್ಪಾ?" ಎಂದು ಅಂಗಡಿಯವನನ್ನು ಕೇಳಿದರು.

"ಯಾರೋ ತಂದ್ರು, ತೂಗಿದೆ. ರದ್ದಿಗೆ ಕುಲಗೋತ್ರ ಕೇಳ್ತಾರೇನಕ್ಕ?"

ದೊಡ್ಡಮ್ಮ ಅದನ್ನು ಕೊಂಡು ತಂದರು. ಸಂಗ್ರಹ ಶುರುವಾದದ್ದು ಹಾಗೆ. ಪ್ರೀತಿಯಿಂದ ಅಲ್ಲ, ಹೊಟ್ಟೆ ಉರಿದು.

ಮೊದಮೊದಲು ಅವರು ಪುಸ್ತಕವನ್ನು ಅದರ ಒಡೆಯರಿಗೆ ಮುಟ್ಟಿಸುತ್ತಿದ್ದರು. ಪಾಪ, ಗೊತ್ತಾಗದೆ ಹೋಗಿರಬೇಕು ಅಂದುಕೊಂಡು ಹುಡುಕಿಕೊಂಡು ಹೋಗುತ್ತಿದ್ದರು. ಒಬ್ಬ ಡಾಕ್ಟರು ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಯ್ಯೋ, ನನ್ನ ಗೆಳೆಯ ಕೊಟ್ಟದ್ದು, ಎಂಥ ಉಪಕಾರ ಮಾಡಿದ್ರಮ್ಮಾ" ಎಂದು ಕಣ್ಣೊರೆಸಿಕೊಂಡರಂತೆ. ಎಂಟನೇ ದಿನ ಅದೇ ಪುಸ್ತಕ ಅದೇ ಅಂಗಡಿಯಲ್ಲಿ ಅದೇ ಜಾಗದಲ್ಲಿ ಕೂತಿತ್ತು. ಅಂಗಡಿಯವನು, "ಅಕ್ಕಾ, ನಿಮ್ಮ ನೆಂಟರು ವಾಪಸ್ ಬಂದಿದ್ದಾರೆ" ಎಂದನಂತೆ. ಅಂದಿನಿಂದ ದೊಡ್ಡಮ್ಮ ಯಾರ ಬಾಗಿಲಿಗೂ ಹೋಗಲಿಲ್ಲ.

ಅವರ ಲೆಕ್ಕಾಚಾರ ಕಟ್ಟುನಿಟ್ಟು. ಪುಸ್ತಕ ಮೊದಲ ಮುದ್ರಣದ್ದೇ ಆಗಿರಬೇಕು. ಒಳಗಿನ ಬರಹ ಪುಸ್ತಕ ಬರೆದವರ ಕೈಯದೇ ಆಗಿರಬೇಕು. ಗೆಳೆಯರಿಗೆ ಕೊಟ್ಟದ್ದಾಗಿರಬೇಕು. ಅಧಿಕಾರಿಗಳಿಗೆ, ದೊಡ್ಡ ಮನುಷ್ಯರಿಗೆ ಕೊಟ್ಟ ಪುಸ್ತಕ ಎಷ್ಟೇ ಅಪರೂಪದ್ದಾದರೂ ಮುಟ್ಟುತ್ತಿರಲಿಲ್ಲ. "ಅದು ಕೊಟ್ಟದ್ದಲ್ಲ, ಬೆಣ್ಣೆ ಹಚ್ಚಿದ್ದು. ಬೆಣ್ಣೆ ರದ್ದಿಗೆ ಬಿದ್ರೆ ನನಗೇನು?" ಪ್ರತಿ ಪುಸ್ತಕಕ್ಕೂ ಒಂದು ನೋಟುಬುಕ್ಕಿನಲ್ಲಿ ಯಾವ ತಾರೀಖು ಎಲ್ಲಿ ಸಿಕ್ಕಿತು, ಒಳಗೆ ಏನು ಬರೆದಿದೆ, ಯಾವ ಪುಟ ಹರಿದಿದೆ ಎಂದು ಬರೆದಿಡುತ್ತಿದ್ದರು. ಒಂದರಲ್ಲಿ ಗೆಳತಿಯ ಹೆಸರಿನ ಕೆಳಗೇ ಬಟ್ಟೆ ಒಗೆಯಲು ಹಾಕಿದ ಪಟ್ಟಿ ಇದೆ: ಅಂಗಿ ನಾಲ್ಕು, ಹೊದಿಕೆ ಎರಡು. ಇನ್ನೊಂದರಲ್ಲಿ ಹೆಸರನ್ನು ಬ್ಲೇಡಿನಿಂದ ಕೆರೆದಿದ್ದಾರೆ. ಅದನ್ನು ಮಾತ್ರ ದೊಡ್ಡಮ್ಮ ಸ್ವಲ್ಪ ಮೇಲಿನ ಸಾಲಿನಲ್ಲಿ ಇಟ್ಟಿದ್ದಾರೆ. "ಕೆರೆದವನಿಗೆ ನಾಚಿಕೆಯಾದ್ರೂ ಇತ್ತು."

ಅವರ ಮನೆಯೆಂದರೆ ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ. ಕೋಣೆಯ ಒಂದು ಗೋಡೆಯ ತುಂಬ ಕಪಾಟು, ಗಾಜಿನ ಬಾಗಿಲಿನದು. ಅದರಲ್ಲಿ ಇನ್ನೂರ ಹನ್ನೆರಡು ಪುಸ್ತಕ. ಅಮ್ಮ ಅದಕ್ಕೆ ಇಟ್ಟ ಹೆಸರು 'ನಾಚಿಕೆಗೆಟ್ಟವರ ಕಪಾಟು'. ಹರಿದದ್ದನ್ನು ದೊಡ್ಡಮ್ಮ ತೆಳು ಕಾಗದ ಅಂಟಿಸಿ ಸರಿಮಾಡಿದ್ದಾರೆ. ಆದರೆ ಮೊದಲ ಹಾಳೆಗೆ ಕೈ ಹಚ್ಚಿಲ್ಲ. ಅದು ಹೇಗೆ ಬಂತೋ ಹಾಗೇ.

ಆ ಕಪಾಟಿನಲ್ಲಿ ಕೊಡೆ ಕವಿಯವರ ಪುಸ್ತಕ ಹನ್ನೊಂದಿವೆ. ಕೊಡೆ ಕವಿ ಎಂದರೆ ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ ಇಟ್ಟುಕೊಂಡೇ ಓಡಾಡುತ್ತಿದ್ದವರು. ಅವರು ಬದುಕಿದ್ದಾಗ ಅವರ ಪದ್ಯ ಓದಿದವರು ಬೆರಳೆಣಿಕೆಯಷ್ಟು. ಸತ್ತು ಹತ್ತು ವರ್ಷವಾದ ಮೇಲೆ ಈಗ ಎಲ್ಲರ ಬಾಯಲ್ಲೂ ಅವರೇ. ಅವರ ಮೊದಲ ಪುಸ್ತಕ ತೆಳ್ಳಗಿನದು, ನಾಲ್ಕೇ ಫಾರಂ, ಅರವತ್ತನಾಲ್ಕು ಪುಟ. ಅದನ್ನು ಹೊಲಿದದ್ದು ದೊಡ್ಡಮ್ಮನೇ. ಆ ವಾರ ಕಟಿಂಗ್ ಮಷೀನಿನ ಅಲಗು ಮುರಿದು ರಿಪೇರಿಗೆ ಹೋಗಿತ್ತು. ಕವಿಗೆ ತಡೆಯಲಾಗಲಿಲ್ಲ. "ಕತ್ತರಿಸದಿದ್ರೂ ಪರವಾಗಿಲ್ಲ, ಹನ್ನೆರಡು ಪ್ರತಿ ಹಾಗೇ ಕೊಡಿ ತಾಯಿ. ನನ್ನ ಗೆಳೆಯರು ಚಾಕು ಹಿಡಿದು ಕೊಯ್ಕೊಂಡು ಓದ್ತಾರೆ" ಎಂದರಂತೆ. ಹನ್ನೆರಡು ಪ್ರತಿಗೂ ಅಲ್ಲೇ ನಿಂತು ಗೆಳೆಯರ ಹೆಸರು ಬರೆದರು. ಎಲ್ಲಕ್ಕಿಂತ ಮೊದಲು ಬರೆದದ್ದು ಒಬ್ಬ ಗೆಳೆಯನಿಗೆ: 'ಮೊದಲ ಓದುಗನಿಗೆ ಮೊದಲ ಪ್ರತಿ. ಹೊಗಳಬೇಡ. ಓದಿ, ಎಲ್ಲಿ ಸೋತಿದ್ದೇನೆ ಹೇಳು.'

ಆ ಗೆಳೆಯ ಭಾಷಣದ ಮೇಷ್ಟ್ರು. ಪಾಠ ಮಾಡುವ ಕೆಲಸ ಬಿಟ್ಟು ಬಹಳ ಕಾಲವಾಗಿದೆ, ಭಾಷಣ ಬಿಟ್ಟಿಲ್ಲ. ಕವಿ ಸತ್ತ ಮೇಲೆ ಅವರ ಭಾಷಣಕ್ಕೆ ಒಂದೇ ವಿಷಯ: ಕವಿ ಮತ್ತು ತಾನು. 'ಮೊದಲ ಪ್ರತಿ ನನಗೇ ಕೊಟ್ಟ. ಕೂತ ಜಾಗ ಬಿಟ್ಟೇಳದೆ ಮೂರು ಸಲ ಓದಿದೆ. ಓಡಿಹೋಗಿ ತಬ್ಬಿಕೊಂಡೆ.' ಈ ಮಾತು ನಮ್ಮ ಬೀದಿಯವರಿಗೆಲ್ಲ ಬಾಯಿಪಾಠ.

ಆ ಮೊದಲ ಪ್ರತಿ ದೊಡ್ಡಮ್ಮನಿಗೆ ಸಿಕ್ಕಿದ್ದು ರದ್ದಿ ಅಂಗಡಿಯಲ್ಲಿ. ಕವಿ ಆಗಿನ್ನೂ ಬದುಕಿದ್ದರು. ಒಂದು ಮಡಿಕೆಯನ್ನೂ ಕೊಯ್ದಿರಲಿಲ್ಲ.

ದೊಡ್ಡಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಕವಿಯ ಕಿವಿಗೆ ಬೀಳಬಾರದು ಎಂಬುದೊಂದೇ ಅವರ ಯೋಚನೆ. ಕವಿ ಹೋದ ಮೇಲೂ ಬಾಯಿಗೆ ಬೀಗ ಹಾಕಿಕೊಂಡೇ ಇದ್ದರು. ಮೇಷ್ಟ್ರ ಭಾಷಣ ಮೈಕಿನಲ್ಲಿ ಕೇಳಿಸಿದರೆ ಕಿಟಕಿ ಮುಚ್ಚುತ್ತಿದ್ದರು, ಅಷ್ಟೇ.

ಹೋದ ವರ್ಷ ಓದುಗರ ಸಂಘದವರು ಕವಿಯ ನೆನಪಿಗೆ ಒಂದು ಪ್ರದರ್ಶನ ಮಾಡುತ್ತೇವೆ, ಯಾರ ಹತ್ತಿರವಾದರೂ ಕವಿಯ ಕೈಬರಹ, ಹಳೆ ಪುಸ್ತಕ ಇದ್ದರೆ ಕೊಡಿ ಎಂದು ಪ್ರಕಟಣೆ ಕೊಟ್ಟರು. ದೊಡ್ಡಮ್ಮನಿಗೆ ಖುಷಿಯಾಯಿತು. ಹನ್ನೊಂದು ಪುಸ್ತಕದ ಪಟ್ಟಿ ತಯಾರಿಸಿದರು. ಯಾವುದು ಯಾರಿಗೆ ಕೊಟ್ಟದ್ದು, ಒಳಗಿನ ಬರಹ ಏನು, ಎಲ್ಲಿ ಸಿಕ್ಕಿತು, ಎಲ್ಲವನ್ನೂ ತಮ್ಮ ದುಂಡು ಅಕ್ಷರದಲ್ಲಿ ಬರೆದರು.

ಅಮ್ಮ ಓದಿ ನೋಡಿ, "ಅಕ್ಕಾ, ಹತ್ತು ಕೊಡು, ಮೇಷ್ಟ್ರದ್ದು ಬಿಟ್ಬಿಡು. ಆ ಮನುಷ್ಯ ಬದುಕಿದ್ದಾನೆ. ಸುಮ್ನೆ ಯಾಕೆ ಹುತ್ತಕ್ಕೆ ಕೈ ಹಾಕ್ತೀಯ?" ಎಂದರು.

"ಬಿಟ್ಟರೆ ಪಟ್ಟಿ ತಪ್ಪಾಗುತ್ತಲ್ಲೇ."

"ತಪ್ಪಾದ್ರೆ ಆಗ್ಲಿ. ಪಟ್ಟಿ ಏನು ಪರೀಕ್ಷೆಗೆ ಕೂತಿದೆಯಾ?"

ದೊಡ್ಡಮ್ಮ ಕೇಳಲಿಲ್ಲ. ಒಂದು ಫಾರಂ ಬಿಟ್ಟು ಪುಸ್ತಕ ಹೊಲಿಯುವುದು ಅವರ ಕೈಯಲ್ಲಿ ಆಗದ ಕೆಲಸ. 'ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು' ಎಂಬುದನ್ನೂ ಸೇರಿಸಿ ಪಟ್ಟಿಯನ್ನು ಕೊಟ್ಟು ಬಂದರು. ಅವರು ಮಾಡಿದ ತಪ್ಪು ಇದೊಂದೇ. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ಮುಂದೆ ಆದದ್ದನ್ನು ನಾನು ಕಂಡಿಲ್ಲ, ಆಮೇಲೆ ತಿಳಿದದ್ದು. ಸಂಘದ ಸಭೆಯಲ್ಲಿ ಕಾರ್ಯದರ್ಶಿ ಆ ಪಟ್ಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರಂತೆ. ಅಧ್ಯಕ್ಷರ ಕುರ್ಚಿಯಲ್ಲಿ ಮೇಷ್ಟ್ರೇ ಕೂತಿದ್ದರು. ತಮ್ಮ ಹೆಸರು ಬಂದಾಗ ನಿಟ್ಟುಸಿರು ಬಿಟ್ಟು ಹೇಳಿದರಂತೆ: "ಅಂತೂ ಸಿಕ್ಕಿತು. ಓದಿ ಓದಿ ಹೊಲಿಗೆ ಬಿಚ್ಚಿಹೋಗಿತ್ತು. ಬೈಂಡಿಂಗ್ ಮಾಡಿಸೋಣ ಅಂತ ಅದೇ ಪ್ರೆಸ್ಸಿಗೆ ಕೊಟ್ಟಿದ್ದೆ. ಅಲ್ಲೇ ಮಾಯವಾಯ್ತು. ಹೊಲಿಗೆ ಹೆಂಗಸರ ಕೈವಾಡ ಅಂತ ಆಗ್ಲೇ ಅನುಮಾನ ಇತ್ತು. ಬಡವರು, ಹೋಗ್ಲಿ ಅಂತ ಸುಮ್ಮನಿದ್ದೆ."

ಸುಳ್ಳು ಹೇಳಿದ್ದಲ್ಲದೆ ದಯೆಯನ್ನೂ ಸೇರಿಸಿದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎರಡು ದಿನ ಬಿಟ್ಟು ಕಾರ್ಯದರ್ಶಿ ಮನೆಗೆ ಬಂದರು. ಬಾಗಿಲಲ್ಲೇ ನಿಂತು ಮಾತಾಡಿದರು. ನಮ್ಮದು ಒಂದಕ್ಕೊಂದು ಗೋಡೆ ಕೂಡಿದ ಸಾಲು ಮನೆಗಳು. ಒಂದು ಮನೆಯಲ್ಲಿ ಸೀನಿದರೆ ಮೂರನೇ ಮನೆಯವರು ಮೂಗು ಒರೆಸಿಕೊಳ್ಳುತ್ತಾರೆ.

"ನೋಡೀಮ್ಮಾ, ಮೇಷ್ಟ್ರು ದೊಡ್ಡ ಮನಸ್ಸು ಮಾಡಿದ್ದಾರೆ. ಪುಸ್ತಕ ವಾಪಸ್ ಕೊಟ್ಟುಬಿಡಿ. ಕಂಪ್ಲೇಂಟು ಗಿಂಪ್ಲೇಂಟು ಏನೂ ಬೇಡ ಅಂದಿದ್ದಾರೆ."

"ಏನಕ್ಕೆ ಕಂಪ್ಲೇಂಟು?"

"ಅದೇ... ಪ್ರೆಸ್ಸಿಂದ ಬಂದದ್ದು..."

"ರದ್ದಿ ಅಂಗಡಿಯಿಂದ ಬಂದದ್ದು ಅಂತ ಬರೆದಿದೀನಲ್ಲ ಸ್ವಾಮಿ. ನೋಟುಬುಕ್ಕಲ್ಲಿ ತಾರೀಖೂ ಇದೆ, ತೋರಿಸ್ಲಾ?"

"ನೋಟುಬುಕ್ಕು ನಿಮ್ದು, ಪೆನ್ನೂ ನಿಮ್ದು. ಯಾವ ತಾರೀಖು ಬೇಕಾದ್ರೂ ಬರೀಬಹುದು, ಅಲ್ವಾ?"

ಬಾಯಲ್ಲಿ ಸೂಜಿ ಇಟ್ಟುಕೊಂಡ ದೊಡ್ಡಮ್ಮ ಅಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡದ್ದನ್ನು ನಾನು ನೋಡಿದೆ. ಕಾರ್ಯದರ್ಶಿ ಹೋದ ಮೇಲೆ ಅಡುಗೆಮನೆಯಲ್ಲಿ ಕೂತು, "ಮೂವತ್ತೊಂದು ವರ್ಷ ಡಬ್ಬಿ ಮುಚ್ಚಳ ತೆಗೆದು ತೋರಿಸಿದ್ದೀನಿ ಕಣೇ" ಎಂದು ಅಮ್ಮನಿಗೆ ಹೇಳಿದರು. ಅಷ್ಟೇ ಹೇಳಿದ್ದು.

ಮರುದಿನ ಎದುರುಮನೆಯಾಕೆ ಬಂದರು. ಕೆಲಸ ಬಿಟ್ಟ ಮೇಲೆ ದೊಡ್ಡಮ್ಮ ಬೀದಿಯವರ ಹರಿದ ಪುಸ್ತಕಗಳನ್ನು ಮನೆಯಲ್ಲೇ ಹೊಲಿದು ಕೊಡುತ್ತಿದ್ದರು. ಎದುರುಮನೆಯ ಮಾವನವರ ದಪ್ಪ ನಿಘಂಟು ಅರ್ಧ ಹೊಲಿದು ಮೇಜಿನ ಮೇಲಿತ್ತು. "ಅದು ಕೊಟ್ಬಿಡಿ ಅಕ್ಕ, ಮಾವನೋರು ಕೇಳ್ತಿದ್ರು" ಎಂದರು. "ನಾಳೆ ಮುಗಿಯುತ್ತೆ" ಎಂದರೆ, "ಪರವಾಗಿಲ್ಲ, ಹಾಗೇ ಕೊಡಿ" ಎಂದು ಜೋತಾಡುವ ದಾರದೊಂದಿಗೇ ಒಯ್ದರು. ವಾರದೊಳಗೆ ಇನ್ನೂ ಮೂರು ಮನೆಯವರು ಬಂದು ತಮ್ಮ ಪುಸ್ತಕ ತೆಗೆದುಕೊಂಡು ಹೋದರು. ಒಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಅಮ್ಮ ರದ್ದಿ ಅಂಗಡಿಗೆ ಹೋಗಿ ಸಾಕ್ಷಿ ಹೇಳುವಂತೆ ಕೇಳಿದರು. ಅವನಿಗೂ ವಯಸ್ಸಾಗಿದೆ. "ಅಕ್ಕ ಕಳ್ಳಿ ಅಂದೋನ ನಾಲಿಗೆ ಬಿದ್ದುಹೋಗ್ಲಿ. ಆದ್ರೆ ಯಾವ ಪುಸ್ತಕ, ಯಾರು ತಂದ್ರು ಅಂದ್ರೆ ನಾನೇನು ಹೇಳ್ಲಿ ತಾಯಿ? ಊರಿನ ಅರ್ಧ ಬುದ್ಧಿ ನನ್ನ ತಕ್ಕಡೀಲಿ ಹಾದು ಹೋಗಿದೆ" ಎಂದನಂತೆ.

"ಕೊಟ್ಬಿಡು ಅಕ್ಕಾ. ದರಿದ್ರ ಪುಸ್ತಕ ಹೋದ್ರೆ ಹೋಗ್ಲಿ" ಎಂದರು ಅಮ್ಮ.

"ಕೊಟ್ಟರೆ ಕದ್ದಿದ್ದೆ ಅಂತ ಒಪ್ಪಿಕೊಂಡ ಹಾಗೆ. ನಾನೊಬ್ಬಳೇ ಆಗಿದ್ರೆ ಹಾಳಾಗ್ಲಿ ಅಂತಿದ್ದೆ. ಹೊಲಿಗೆ ಹೆಂಗಸರು ಅಂದ್ನಲ್ಲ ಅವನು? ಏಳು ಜನ ಇದ್ವಿ. ನಾಲ್ಕು ಜನ ಸತ್ತಿದ್ದಾರೆ. ಸತ್ತವರ ಚೀಲ ಈಗ ಯಾರು ಬಿಡಿಸಿ ತೋರಿಸ್ತಾರೆ?"

ದೊಡ್ಡಮ್ಮ ಕಪಾಟು ತೆರೆದು ಆ ಪುಸ್ತಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಬೆನ್ನು ಸವರಿದರು. ಆಮೇಲೆ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, "ನಡೀರಿ" ಎಂದರು. ಅಮ್ಮನ ಜೊತೆ ನಾನೂ ಹೋದೆ.

ಸಂಘದ ಸಭಾಂಗಣದಲ್ಲಿ ಪ್ರದರ್ಶನದ ತಯಾರಿ ನಡೆದಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಮೂಲೆಗೆ ಇಟ್ಟಿದ್ದರು. ಒಬ್ಬ ಬಡಗಿ ಮೊಣಕಾಲೂರಿ ಗಾಜಿನ ಪೆಟ್ಟಿಗೆಗೆ ಕೀಲು ಕೂರಿಸುತ್ತಿದ್ದ. ಕಾರ್ಯದರ್ಶಿ ಮತ್ತು ಸಂಘದ ನಾಲ್ಕೈದು ಜನ ಇದ್ದರು. ಮೇಷ್ಟ್ರೂ ಅಲ್ಲೇ ಕೂತಿದ್ದರು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ದೊಡ್ಡಮ್ಮನನ್ನು ಕಂಡು ಎದ್ದು ನಿಂತು ಕೈ ಚಾಚಿದರು.

"ಬಾಮ್ಮಾ, ಬಾ. ಪುಸ್ತಕ ತಂದ್ಯಲ್ಲ, ಸಂತೋಷ. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

ದೊಡ್ಡಮ್ಮ ಬಟ್ಟೆ ಬಿಡಿಸಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

"ಇದೇ ಪುಸ್ತಕಾನಾ ಮೇಷ್ಟ್ರೇ?"

ಮೇಷ್ಟ್ರು ಮೊದಲ ಹಾಳೆ ನೋಡಿದರು. "ಇದೇ, ಇದೇ. ಅವನ ಅಕ್ಷರ ನೋಡಿ ಎಷ್ಟು ವರ್ಷವಾಯ್ತು!"

"ನೀವು ಮೂರು ಸಲ ಓದಿದ್ದು ಈ ಪ್ರತೀನೇ?"

"ಮತ್ಯಾವುದು? ಮೂರಲ್ಲ, ಮುನ್ನೂರು ಸಲ. ಓದಿ ಓದಿಯೇ ಹೊಲಿಗೆ ಬಿಚ್ಚಿದ್ದು."

"ಹಾಗಾದ್ರೆ ಮೂವತ್ತನಾಲ್ಕನೇ ಪುಟ ತೆಗೆದು ನಾಲ್ಕು ಸಾಲು ಓದಿ. ನಿಮ್ಮ ಬಾಯಲ್ಲಿ ಕೇಳ್ತೀವಿ."

ಮೇಷ್ಟ್ರು ನಕ್ಕು ಕನ್ನಡಕ ಹಾಕಿಕೊಂಡರು. ಮೂವತ್ತಮೂರನೇ ಪುಟ ಸಿಕ್ಕಿತು. ಆ ಹಾಳೆ ತಿರುವಿದರೆ ನಾಲ್ಕು ಹಾಳೆ ಒಟ್ಟಿಗೆ ತಿರುಗಿ ನಲವತ್ತೊಂದು ಬಂತು. ಹಿಂದಕ್ಕೆ ಬಂದರು. ಮತ್ತೆ ತಿರುವಿದರು, ಮತ್ತೆ ನಲವತ್ತೊಂದು. ಉಗುರಿನಿಂದ ಅಂಚು ಬಿಡಿಸಲು ನೋಡಿದರು.

"ಹಳೇ ಪುಸ್ತಕ... ಪುಟ ಅಂಟಿಕೊಂಡಿದೆ."

"ಅಂಟಲ್ಲ. ಅಂಟು ನಾನು ಕಲಸಿದ್ದು, ನನಗೆ ಗೊತ್ತು. ಅದು ಮಡಿಕೆ."

ಬಡಗಿ ಎದ್ದು ಬಂದು ಮೇಷ್ಟ್ರ ಹೆಗಲ ಮೇಲಿಂದ ಇಣುಕಿದ. "ಸಾರ್, ಇದು ಕೊಯ್ದೇ ಇಲ್ವಲ್ಲ! ಹೊಸ ಬಟ್ಟೆಗೆ ಮಡಿಕೆ ಇರೋ ಹಾಗೆ ಇದೆ. ಮುನ್ನೂರು ಸಲ ಹ್ಯಾಗೆ ಓದಿದ್ರಿ, ಕೆಳಗಿಂದ ಇಣುಕಿ ನೋಡ್ಕೊಂಡಾ?"

ಯಾರೋ ಕಿಸಕ್ಕೆಂದರು. ಕಾರ್ಯದರ್ಶಿ ಬಡಗಿಗೆ, "ನಿನ್ನ ಕೆಲಸ ನೋಡಯ್ಯಾ" ಎಂದು ಗದರಿಸಿದರು.

ದೊಡ್ಡಮ್ಮ ಪುಸ್ತಕದ ನಾಲ್ಕೂ ಫಾರಂ ಒಂದೊಂದಾಗಿ ಎಲ್ಲರಿಗೂ ತೋರಿಸಿದರು. ಒಂದು ಮಡಿಕೆಗೂ ಚಾಕು ತಾಗಿರಲಿಲ್ಲ. ಅರವತ್ತನಾಲ್ಕು ಪುಟದಲ್ಲಿ ಹಾಗೇ ತೆರೆಯಬಹುದಾದದ್ದು ಹದಿನಾರೇ. "ಹೊಲಿಗೆ ಬಿಚ್ಚಿತ್ತು ಅಂದ್ರಿ. ನೋಡಿ, ನಾನು ಹಾಕಿದ ಮೊದಲ ಹೊಲಿಗೆ ಇದು. ಒಂದು ಗಂಟೂ ಸಡಿಲವಾಗಿಲ್ಲ. ಬೈಂಡಿಂಗ್‌ಗೆ ಕೊಟ್ಟಿದ್ದೆ ಅಂದ್ರಿ. ಬಿಚ್ಚದ ಪುಸ್ತಕವನ್ನ ಯಾವನು ಬೈಂಡಿಂಗ್‌ಗೆ ಕೊಡ್ತಾನೆ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಬೇರೆ ಪ್ರತಿ ಓದಿದ್ದೆನೋ ಏನೋ. ವಯಸ್ಸಾಯ್ತು, ಮರೆವು."

"ಈಗ ತಾನೆ ಇದೇ ಅಂದ್ರಿ."

"ಮನೆಯಾಕೆ ಗೊತ್ತಾಗದೆ ರದ್ದಿಗೆ ಹಾಕಿರಬೇಕು."

"ಹೊಲಿಗೆಯವರಾಯ್ತು, ಈಗ ಮನೆಯವರಾ? ಇನ್ನೂ ಯಾವ ಹೆಂಗಸು ಉಳಿದಿದ್ದಾಳೆ ನಿಮಗೆ?"

ಮೇಷ್ಟ್ರ ಮುಖ ಕೆಂಪಾಯಿತು. ಆದರೆ ಭಾಷಣ ಮಾಡಿದ ಗಂಟಲು, ಸುಲಭಕ್ಕೆ ಸೋಲುವುದಿಲ್ಲ. ನೆಟ್ಟಗೆ ನಿಂತು ಎಲ್ಲರತ್ತ ನೋಡಿ, "ಆಯ್ತಮ್ಮಾ. ಪುಸ್ತಕ ನೀನೇ ಇಟ್ಕೋ. ನಾನೇ ನಿನಗೆ ಪ್ರೀತಿಯಿಂದ ಕೊಟ್ಟೆ ಅಂದ್ಕೋ" ಎಂದು ಜೇಬಿನಿಂದ ಪೆನ್ನು ತೆಗೆದು, ಕವಿಯ ಬರಹದ ಕೆಳಗೆ ಬರೆಯಲು ಬಗ್ಗಿದರು.

ದೊಡ್ಡಮ್ಮ ಪುಸ್ತಕ ಎಳೆದುಕೊಂಡರು. ಅಷ್ಟು ಜೋರಾಗಿ ಅವರು ಏನನ್ನಾದರೂ ಎಳೆದದ್ದನ್ನು ನಾನು ಕಂಡಿಲ್ಲ. "ಇದರ ಮೇಲೆ ನಿಮ್ಮ ಪೆನ್ನು ತಾಗಿಸಬೇಡಿ! ಬರೆಯೋದಿದ್ರೆ ಬೇರೆ ಕಾಗದ ಇದೆ. ಏನು ಬರೀಬೇಕು ಅಂತ ನಾನು ಹೇಳ್ತೀನಿ."

"ಹೋಗ್ಲಿ ಬಿಡಿ ತಾಯಿ" ಎಂದು ಕಾರ್ಯದರ್ಶಿ ನಡುವೆ ಬಂದರು. "ಎಲ್ಲರಿಗೂ ಗೊತ್ತಾಯ್ತಲ್ಲ. ದೊಡ್ಡವರು ಅವರು."

"ದೊಡ್ಡವರಾದ್ರೆ ದೊಡ್ಡದಾಗಿ ಬರೀಲಿ. ಕಳ್ಳಿ ಅನ್ನೋಕೆ ನೀವು ನನ್ನ ಬಾಗಿಲಿಗೆ ಬಂದ್ರಿ, ಇಡೀ ಬೀದಿಗೆ ಕೇಳಿಸೋ ಹಾಗೆ. ಅಲ್ಲ ಅನ್ನೋದು ಮಾತ್ರ ಇಲ್ಲಿ ನಾಲ್ಕು ಗೋಡೆ ಮಧ್ಯೆ ಮುಗೀಬೇಕಾ? ನನಗೆ ಸಂಘದ ಕಾಗದದ ಮೇಲೆ ಬೇಕು. ಬರೆಯೋ ತನಕ ನಾನು ಇಲ್ಲಿಂದ ಏಳಲ್ಲ."

ಒಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಪುಸ್ತಕ ಮಡಿಲಲ್ಲಿ. ಕಾರ್ಯದರ್ಶಿ ಗಡಿಯಾರ ನೋಡಿದರು. ಫೋನು ಮಾಡುವವರ ಹಾಗೆ ಹೊರಗೆ ಹೋಗಿ ಬಂದರು. ಬಡಗಿ ಕೀಲು ಹೊಡೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂತ. "ಕೆಲಸ ಮಾಡಯ್ಯಾ" ಎಂದರೆ, "ಮೊದ್ಲು ಅಮ್ಮನ ಕೆಲಸ ಆಗ್ಲಿ ಸಾರ್" ಎಂದ. ಒಂದು ಗಂಟೆ ಕಳೆದ ಮೇಲೆ ಕಾಗದ ಬಂತು.

ಮೇಷ್ಟ್ರು ಬರೆದರು. ದೊಡ್ಡಮ್ಮ ಓದಿ ಒಂದು ಕಡೆ ಬೆರಳಿಟ್ಟು, "ಇದನ್ನ ಹೊಡೆದುಹಾಕಿ" ಎಂದರು. ಹೊಡೆದರು. ಕೊನೆಯ ಸಾಲಿನಲ್ಲಿ 'ಇವರು ಕದ್ದಿಲ್ಲ' ಎಂದಿತ್ತು. "ಇವರು ಅಂದ್ರೆ ಸಾಲದು. ಏಳು ಜನ" ಎಂದರು. ಅದನ್ನೂ ತಿದ್ದಿದರು. ಯಾರೂ 'ಕ್ಷಮಿಸಿ' ಎನ್ನಲಿಲ್ಲ. ಕಾರ್ಯದರ್ಶಿಯೂ ಅನ್ನಲಿಲ್ಲ.

ಕಾಗದ ಮಡಿಸಿಕೊಂಡು ಬರುವಾಗ ದೊಡ್ಡಮ್ಮ ಉಳಿದ ಹತ್ತು ಪುಸ್ತಕವನ್ನು ಪ್ರದರ್ಶನಕ್ಕೆ ಕೊಡಲು ಒಪ್ಪಿದರು. ದಾರಿಯಲ್ಲಿ ಅಮ್ಮ ಬೈದರು. ದೊಡ್ಡಮ್ಮ, "ಕವಿ ಏನು ತಪ್ಪು ಮಾಡಿದ್ರು?" ಎಂದಷ್ಟೇ ಹೇಳಿದರು. ಹನ್ನೊಂದನೆಯದಕ್ಕೆ ಮಾತ್ರ ಒಂದು ಷರತ್ತು ಹಾಕಿದ್ದರು. ಅದರ ಪಕ್ಕದ ಚೀಟಿಯಲ್ಲಿ 'ರದ್ದಿ ಅಂಗಡಿಯಲ್ಲಿ ಸಿಕ್ಕ, ಓದದ ಪ್ರತಿ' ಎಂದು ಬರೆಯಬೇಕು. ಸಂಘದವರು ಒಪ್ಪಲಿಲ್ಲ. ಆ ಪುಸ್ತಕ ಮನೆಯಲ್ಲೇ ಇದೆ.

ಎದುರುಮನೆಗೂ ಉಳಿದ ಮೂರು ಮನೆಗಳಿಗೂ ದೊಡ್ಡಮ್ಮ ತಾವೇ ಹೋಗಿ ಕಾಗದ ತೋರಿಸಿದರು. ಎದುರುಮನೆಯಾಕೆ, "ಅಯ್ಯೋ ಅಕ್ಕ, ನಾವೇನು ನಂಬಿದ್ವಾ?" ಎಂದು ಜೋತಾಡುವ ದಾರದ ನಿಘಂಟನ್ನು ವಾಪಸ್ ತಂದುಕೊಟ್ಟರು. ದೊಡ್ಡಮ್ಮ ಅದನ್ನು ಹೊಲಿದೂ ಕೊಟ್ಟರು. ನಾನಾಗಿದ್ದರೆ ಹೊಲಿಯುತ್ತಿರಲಿಲ್ಲ.

ಪ್ರದರ್ಶನ ಉದ್ಘಾಟಿಸಿದ್ದು ಮೇಷ್ಟ್ರೇ. ತಮ್ಮ ಬಳಿಯಿದ್ದ ಮೊದಲ ಪ್ರತಿ 'ಬಡ ಅಭಿಮಾನಿಯೊಬ್ಬರ ಕೈ ಸೇರಿ ಸುರಕ್ಷಿತವಾಗಿದೆ' ಎಂದರು. ಜನ ಚಪ್ಪಾಳೆ ತಟ್ಟಿದರು. ಆ ಮಾತು ಫೋಟೋ ಸಮೇತ ಪತ್ರಿಕೆಯಲ್ಲಿ ಬಂತು. ಮೇಷ್ಟ್ರು ಬರೆದುಕೊಟ್ಟ ಕಾಗದದ ನಕಲನ್ನು ಅಮ್ಮ ಅದೇ ಪತ್ರಿಕೆಗೆ ಕಳಿಸಿದರು. ಎರಡು ಸಲ ಕಳಿಸಿದರು. ಅದು ಬರಲಿಲ್ಲ.

ಆದ್ದರಿಂದ ಅದನ್ನು ಇಲ್ಲಿ ಇದ್ದ ಹಾಗೇ ಬರೆಯುತ್ತಿದ್ದೇನೆ. ಹೊಡೆದುಹಾಕಿದ್ದನ್ನೂ ಬಿಟ್ಟಿಲ್ಲ. ಮೂಲದೊಂದಿಗೆ ಮೂರು ಸಲ ತಾಳೆ ನೋಡಿದ್ದೇನೆ.

'ಕವಿಯವರು ನನಗೆ ಬರೆದುಕೊಟ್ಟ ಪುಸ್ತಕವನ್ನು ನಾನು ಬೈಂಡಿಂಗ್‌ಗೆ ಕೊಟ್ಟಿರಲಿಲ್ಲ. ಅದು ಪ್ರೆಸ್ಸಿನಲ್ಲಿ ಕಳುವಾಯಿತು ಎಂದು ನಾನು ಸಭೆಯಲ್ಲಿ ಹೇಳಿದ ಮಾತು' (ಇಲ್ಲಿ 'ತಪ್ಪು ತಿಳುವಳಿಕೆಯಿಂದ ಬಂದದ್ದು' ಎಂದು ಬರೆದು ಹೊಡೆದುಹಾಕಿದೆ) 'ಸುಳ್ಳು. ಪುಸ್ತಕ ನಮ್ಮ ಮನೆಯಿಂದ ರದ್ದಿಗೆ ಹೋದದ್ದು. ಅದನ್ನು ನಾನು ಓದಿರಲಿಲ್ಲ. ಪ್ರೆಸ್ಸಿನ ಹೊಲಿಗೆ ಮೇಜಿನಲ್ಲಿ ಕೂತಿದ್ದ ಏಳು ಹೆಂಗಸರಲ್ಲಿ ಯಾರೂ ಏನನ್ನೂ ಕದ್ದಿಲ್ಲ.' (ಈ ಸಾಲಿನಲ್ಲಿ ಮೊದಲು 'ಇವರು' ಎಂದು ಬರೆದು ಹೊಡೆದುಹಾಕಿದೆ.)

ಕೆಳಗೆ ಮೇಷ್ಟ್ರ ಸಹಿ, ತಾರೀಖು, ಸಂಘದ ಮೊಹರು. ಸಾಕ್ಷಿ ಎಂಬಲ್ಲಿ ಬಡಗಿಯ ಸಹಿ ಇದೆ. ಕಾರ್ಯದರ್ಶಿ ಸಹಿ ಹಾಕಲಿಲ್ಲ.